ಒಂದೇ ಕಾರ್ಡಿನಲ್ಲಿ ಎರಡು ಪ್ರಶ್ನೆ

ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಬೋರ್ಡಿಲ್ಲದ ಒಂದು ಖಾನಾವಳಿ ಇತ್ತು. ಬೋರ್ಡಿನ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಓಣಿಗೆ ಕಾಲಿಟ್ಟರೆ ಸಾಕು, ರೊಟ್ಟಿ ಬಡಿಯುವ ಸದ್ದೇ ಕೈಹಿಡಿದು ಬಾಗಿಲಿಗೆ ಕರೆದೊಯ್ಯುತ್ತಿತ್ತು. ಮೂವತ್ತು ವರ್ಷ ಆ ಸದ್ದು ದೊಡ್ಡಬಸಮ್ಮನ ಕೈಯದಾಗಿತ್ತು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಸೊಸೆ ಚನ್ನವೀರಮ್ಮನದಾಯಿತು. ಮೊದಮೊದಲು ಅಲ್ಲಿ ಉಣ್ಣಲು ಬರುವ ಗಿರಣಿಯ ಹಮಾಲರು ಕಿವಿಗೊಟ್ಟು ಕೇಳಿ, "ಅತ್ತಿ ಬಡದ್ರ ಡೊಳ್ಳು, ಸೊಸಿ ಬಡದ್ರ ತಬಲ" ಎಂದು ಚೇಷ್ಟೆ ಮಾಡಿದ್ದುಂಟು. ಆರು ತಿಂಗಳಾಗುವಷ್ಟರಲ್ಲಿ ಯಾವುದು ಯಾರ ಸದ್ದು ಎಂದು ಅವರಿಗೂ ತಿಳಿಯದಂತಾಯಿತು.

ಚನ್ನವೀರಮ್ಮನ ತವರು ಕುರುಗೋಡು. ತಂದೆ ಅಲ್ಲಿಯ ಕನ್ನಡ ಸಾಲಿಯ ಮೇಷ್ಟ್ರು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಪೇಪರನ್ನು ಮಗಳ ಕೈಗೆ ಕೊಟ್ಟು ಓದಿಸಿ ಕೇಳುತ್ತಿದ್ದರು. ಒಂದು ಸುದ್ದಿ ಮುಗಿದ ಕೂಡಲೇ ಕೈ ಎತ್ತಿ ನಿಲ್ಲಿಸಿ, "ಓದಿದ್ದು ಸಾಕು. ಈಗ ಏನರ ಕೇಳು" ಎನ್ನುವರು. ಕೇಳಲು ಏನೂ ಹೊಳೆಯದಿದ್ದರೆ ಅದೇ ಸುದ್ದಿಯನ್ನು ಮತ್ತೆ ಓದಬೇಕು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟರೂ ಆ ಅಭ್ಯಾಸ ಬಿಡಲಿಲ್ಲ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಳ ಜೊತೆಗೆ, ಪ್ರಶ್ನೆ ಬರೆದು ಕಳಿಸಲೆಂದು, ಒಂದು ಕಟ್ಟು ಪೋಸ್ಟ್ ಕಾರ್ಡೂ ಇತ್ತು. ಗಂಡ ಗವಿಸಿದ್ದಪ್ಪ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುವ ಮೆತ್ತನೆಯ ಮನುಷ್ಯ. ಕಾರ್ಡಿನ ಕಟ್ಟು ಕಂಡು, "ಇಷ್ಟು ಮಂದಿ ಬೀಗರು ಅದಾರೇನು ನಿಮಗ?" ಎಂದು ಕೇಳಿದ್ದ.

ಆ ಖಾನಾವಳಿಗೆ ಅದರದೇ ಆದ ಒಂದು ಪದ್ಧತಿ ಇತ್ತು. ತಿಂಗಳಿಗೆ ಎರಡು ಸಲ, ರೇಷನ್ ಕೊಡುವ ಶನಿವಾರ, ಹಮಾಲರು ಡಿಪೋದಿಂದ ತಂತಮ್ಮ ರೇಷನ್ ಜೋಳವನ್ನು ಚೀಲದಲ್ಲಿ ಹೊತ್ತು ತಂದು ಇವಳ ಹಗ್ಗದ ಮಂಚದ ಮೇಲೆ ಇಟ್ಟು ಹೋಗುವರು. ಎಲ್ಲವನ್ನೂ ಒಂದಾಗಿ ಬೆರೆಸಿ, ಆರಿಸಿ, ಹಿಟ್ಟಿನ ಗಿರಣಿಗೆ ಕಳಿಸಿ, ಮುಂದಿನ ರೇಷನ್ ಬರುವ ತನಕ ರೊಟ್ಟಿ ಬಡಿಯುವುದು ಅವಳ ಕೆಲಸ. ಅವರು ಕೊಡುತ್ತಿದ್ದುದು ಮಾಡಿ ಹಾಕುವ ಕೂಲಿ ಮಾತ್ರ. ಯಾರ ಚೀಲವನ್ನೂ ಯಾರೂ ತೂಗುತ್ತಿರಲಿಲ್ಲ, ಯಾರು ಎಷ್ಟು ರೊಟ್ಟಿ ತಿಂದರೆಂದು ಯಾರೂ ಎಣಿಸುತ್ತಿರಲಿಲ್ಲ. ದೊಡ್ಡಬಸಮ್ಮನ ಕಾಲದಿಂದ ಹಾಗೆಯೇ ನಡೆದು ಬಂದಿತ್ತು. ಇಡೀ ಖಾನಾವಳಿ ನಿಂತಿದ್ದು ಆ ನಂಬಿಕೆಯ ಮೇಲೆ.

ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಆ ನಂಬಿಕೆ ಅಲುಗಾಡಿತು.

ಹಿಂದಿನ ವರ್ಷ ಮಳೆ ಕೈಕೊಟ್ಟು ಸೀಮೆಯಲ್ಲೆಲ್ಲ ಬಿಳಿಜೋಳಕ್ಕೆ ಬರ ಬಂದಿತ್ತು. ಡಿಪೋದಲ್ಲಿ ಕೆಂಪು ಜೋಳ ಕೊಡತೊಡಗಿದರು. ಅಮೆರಿಕಾದಿಂದ ಹಡಗಿನಲ್ಲಿ ಬಂದದ್ದು, ಅಲ್ಲಿ ಹಂದಿಗಳಿಗೆ ಹಾಕುತ್ತಾರಂತೆ ಎಂದು ಒಬ್ಬರು. ಇಲ್ಲ, ಅಲ್ಲಿಯ ದೊರೆಗಳೂ ಇದನ್ನೇ ತಿನ್ನುತ್ತಾರೆ ಎಂದು ಇನ್ನೊಬ್ಬರು. ಚನ್ನವೀರಮ್ಮನಿಗೆ ಅದು ಯಾರು ತಿನ್ನುವ ಜೋಳವಾದರೂ ಚಿಂತೆ ಇರಲಿಲ್ಲ, ರೊಟ್ಟಿಯಾದರೆ ಸಾಕಿತ್ತು. ಮೊದಲ ತಿಂಗಳು ಆಯಿತು. ಬಣ್ಣ ಇಟ್ಟಿಗೆಯಂತೆ ಕಂಡರೂ ಎಸರು ಕುದಿಸಿ ಹಾಕಿ ನಾದಿದರೆ ಹಿಟ್ಟು ಮಾತು ಕೇಳುತ್ತಿತ್ತು. ಎರಡನೆಯ ತಿಂಗಳಿಂದ ಕೇಳಲಿಲ್ಲ. ಬಡಿದರೆ ಅಂಚು ಸೀಳುವುದು, ಎತ್ತಿದರೆ ನಡುವೆ ಬಿರಿಯುವುದು, ಹಂಚಿಗೆ ಹಾಕಿದರೆ ನಾಲ್ಕು ತುಂಡು. ಎಸರು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ಒಂದು ಹಿಡಿ ಅಕ್ಕಿ ಹಿಟ್ಟು ಬೆರೆಸಿದಳು. ತಿಂದವರ ಹೊಟ್ಟೆಯಲ್ಲೂ ಏನೋ ಕಿರಿಕಿರಿ. ಅತ್ತೆ ಸೊಸೆಯನ್ನು ಸರಿಸಿ ತಾನೇ ಮೊಣಕಾಲು ಮಡಿಸಿ ಕೂತು ಬಡಿದಳು. ಅವಳ ಕೈಯಲ್ಲೂ ಹರಿಯಿತು.

"ಹಿಟ್ಟಿಗೆ ಜಿಗಿ ಇಲ್ಲವ್ವಾ. ಸತ್ತ ಹಿಟ್ಟು ಇದು" ಎಂದಳು ದೊಡ್ಡಬಸಮ್ಮ.

ಹಮಾಲರ ಮುಖಂಡ ಗಾದೆಪ್ಪ. ಎರಡು ಚೀಲವನ್ನು ಒಟ್ಟಿಗೆ ಹೊತ್ತು ಲಾರಿಯ ಹಲಗೆ ಏರುವ ಆಳು. ಒಂದು ಮಧ್ಯಾಹ್ನ ಅವನು ತಟ್ಟೆಯಲ್ಲಿದ್ದ ರೊಟ್ಟಿಯ ಚೂರುಗಳನ್ನು ಬೆರಳಿಂದ ಜೋಡಿಸಿ, ಒಂದು ದುಂಡು ಮಾಡಲು ನೋಡಿ, ಬಿಟ್ಟುಬಿಟ್ಟ. ಮುಂಚೆಯೆಲ್ಲ ಚನ್ನವೀರಮ್ಮನನ್ನು "ಯಕ್ಕಾ" ಎಂದು ಕೂಗುತ್ತಿದ್ದವನು ಅಂದು ಹಾಗೆ ಕೂಗಲಿಲ್ಲ.

"ಅಮ್ಮಾರ, ಒಂದು ಮಾತು. ನಮ್ಮ ಮಂದಿ ಮಾತಾಡಾಕ ಹತ್ತ್ಯಾರ. ನಾವು ತಂದು ಹಾಕೋದು ಡಿಪೋ ಜ್ವಾಳ. ಹೋದ ತಿಂಗಳು ಇದ ಜ್ವಾಳದಾಗ ರೊಟ್ಟಿ ಆತು. ಈಗ ಆಗವಲ್ದು. ನಡುವ ನಮ್ಮ ಜ್ವಾಳ ಎಲ್ಲ್ಯಾರ ಬದ್ಲಿ ಆಗಾಕ ಹತ್ತೇತೇನು?"

ಕಂಕುಳಲ್ಲಿದ್ದ ಕೂಸನ್ನು ಚನ್ನವೀರಮ್ಮ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. "ನಾನು ಬದ್ಲಿ ಮಾಡೀನಿ ಅಂತಿಯೇನು ಗಾದೆಪ್ಪ?"

"ನಾ ಅಂತಿಲ್ಲ. ಮಂದಿ ಅಂತಾರ. ಮುಂದಿನ ಸಲದ ರೇಷನ್ ತಂದು ಹಾಕ್ತೀವಿ. ಅದ್ರಾಗೂ ಇಡೀ ರೊಟ್ಟಿ ಆಗಲಿಲ್ಲಂದ್ರ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಹೋಗ್ತೀವಿ. ಸಿಟ್ಟಾಗಬ್ಯಾಡ್ರಿ."

ಮುಂದಿನ ರೇಷನ್ನಿಗೆ ಎರಡು ವಾರ ಇತ್ತು. ಹಮಾಲರು ಹೋದರೆ ಹೋಗಲಿ ಎನ್ನಬಹುದಿತ್ತು, ಗವಿಸಿದ್ದಪ್ಪನ ಸಂಬಳದಲ್ಲಿ ಹೊಟ್ಟೆಗೆ ಮೋಸವಿರಲಿಲ್ಲ. ಆದರೆ ಹೋಗುವವರು ಸುಮ್ಮನೆ ಹೋಗುವುದಿಲ್ಲ, ಅತ್ತೆಯ ಮೂವತ್ತು ವರ್ಷದ ಹೆಸರಿಗೆ ಕಳ್ಳಿಯ ಮನೆ ಎಂಬ ಮಾತು ಅಂಟಿಸಿ ಹೋಗುತ್ತಾರೆ. ಆ ಮಾತಿನ ಕೆಳಗೆ ತನ್ನ ಮಗಳು ಬೆಳೆಯುವುದು ಚನ್ನವೀರಮ್ಮನಿಗೆ ಬೇಕಿರಲಿಲ್ಲ.

ಅವಳು ಮೊದಲು ಡಿಪೋಗೆ ಹೋದಳು. ಡಿಪೋ ನಡೆಸುತ್ತಿದ್ದವನು ಉಚ್ಚೆಂಗೆಪ್ಪ. ಅವನ ಅಂಗಡಿಗೆ ಯಾರು ಏನು ದೂರು ತಂದರೂ ಅವನ ಬಳಿ ಒಂದೇ ಉತ್ತರ ತಯಾರಿತ್ತು.

"ಅಮೆರಿಕಾದ್ದು ಇರೋದ ಹಂಗ ತಂಗಿ. ನಾನೇನು ಅಲ್ಲಿ ಹೋಗಿ ಬಿತ್ತಿ ಬಂದೀನೇನು? ಡಿಲ್ಲಿಯವ್ರು ಕೇಳ್ಯಾರ, ಅವ್ರು ಕೊಟ್ಟಾರ. ಕೇಳೋದಿದ್ರ ಡಿಲ್ಲಿಗೆ ಹೋಗಿ ಕೇಳು."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳೂ ನಕ್ಕು ಮನೆಗೆ ಬಂದು ಕೂಸನ್ನು ತೊಟ್ಟಿಲಿಗೆ ಹಾಕಿ ಕಾರ್ಡು ತೆಗೆದಳು. ದಿಲ್ಲಿಯ ವಿಳಾಸ ಗೊತ್ತಿರಲಿಲ್ಲ. ಆ ಸೀಮೆಯ ಶಾಸಕ ಕೊಟ್ಟೂರಪ್ಪನವರ ವಿಳಾಸ ಗೊತ್ತಿತ್ತು. ಅವರೂ ಕುರುಗೋಡಿನವರೇ. ಬಂದ ಪ್ರತಿ ಪತ್ರಕ್ಕೂ ತಮ್ಮ ಕೈಯಿಂದಲೇ, ಪ್ರಶ್ನೆಯ ನಂಬರು ಹಾಕಿ ಉತ್ತರ ಬರೆಯುವ ಮನುಷ್ಯ ಎಂದು ಹೆಸರಾಗಿದ್ದರು. ಚನ್ನವೀರಮ್ಮ ಅಕ್ಷರ ಸಣ್ಣದು ಮಾಡಿ ಒಂದೇ ಕಾರ್ಡಿನಲ್ಲಿ ಎರಡು ಪ್ರಶ್ನೆ ಹಿಡಿಸಿದಳು.

"ಶಾಸಕರಾದ ಅಣ್ಣನವರಿಗೆ ನಿಮ್ಮೂರ ಮೇಷ್ಟ್ರ ಮಗಳ ಶರಣು. ಪ್ರಶ್ನೆ ಒಂದು. ಹೋದ ವರ್ಷದ ಯುದ್ಧದಲ್ಲಿ ಪಾಕಿಸ್ತಾನದ ಕೈಯಲ್ಲಿದ್ದ ಟ್ಯಾಂಕು ಕೊಟ್ಟವರೂ ಈ ವರ್ಷ ನಮಗೆ ಜೋಳ ಕೊಟ್ಟವರೂ ಒಬ್ಬರೇ ಎಂದು ಪೇಪರಿನಲ್ಲಿ ಓದಿದೆ. ಅವರ ಜೋಳ ತಿಂದ ಮೇಲೆ ಅವರು ಹೇಳಿದ್ದಕ್ಕೆಲ್ಲ ನಮ್ಮ ಸರಕಾರ ಹೂಂ ಎನ್ನಬೇಕಾಗುತ್ತದೆಯೆ? ಪ್ರಶ್ನೆ ಎರಡು. ನಮ್ಮ ಡಿಪೋದ ಒಳ್ಳೆಯ ಚೀಲಗಳು ಹಿಂದಿನ ಬಾಗಿಲಿಂದ ಹೋಗುತ್ತವೆ, ಕೆಟ್ಟದ್ದು ಮುಂದಿನ ಬಾಗಿಲಿಂದ ನಮಗೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ?"

ಐದನೆಯ ದಿನ ಉತ್ತರ ಬಂತು. ಕಾರ್ಡೆಂದರೆ ತೆರೆದ ಬಾಗಿಲು. ಅಂಚೆಯವನು ಓಣಿಯ ತುದಿಯಲ್ಲೇ ಓದಿಕೊಂಡು ಬಂದು, "ನಿಮಗ ಡಿಲ್ಲಿ ಸುದ್ದಿ ಬಂದೇತ್ರಿ" ಎಂದು ಕೊಟ್ಟು ಹೋದ. ಮೊದಲನೆಯ ಪ್ರಶ್ನೆಗೆ ಮುಕ್ಕಾಲು ಕಾರ್ಡು ತುಂಬಿತ್ತು. ನಮ್ಮ ದೇಶ ಯಾವ ಬಣಕ್ಕೂ ಸೇರಿದ್ದಲ್ಲ; ಕೊಟ್ಟವರ ಋಣ ಬೇರೆ, ನಮ್ಮ ಬುದ್ಧಿ ಬೇರೆ; ನೆರೆಮನೆಯಿಂದ ಒಂದು ಬುಟ್ಟಿ ಹಿಟ್ಟು ತಂದ ಮಾತ್ರಕ್ಕೆ ನಮ್ಮ ಮನೆಯ ಹೆಣ್ಣುಮಗಳ ಮದುವೆಯನ್ನು ನೆರೆಯವರು ಗೊತ್ತುಮಾಡುವುದಿಲ್ಲ ಎಂದೆಲ್ಲ ಚೆಂದವಾಗಿ ಬರೆದಿದ್ದರು. ಎರಡನೆಯದಕ್ಕೆ ಮೂರು ಸಾಲು. "ಪರದೇಶದ ಕಾಳಿನ ಗುಣವೇ ಬೇರೆ. ನಮ್ಮ ಕೈಗೆ ಒಗ್ಗಲು ಕಾಲ ಬೇಕು. ಅವ್ಯವಹಾರದ ಮಾತಿಗೆ ಪುರಾವೆ ಇದ್ದರೆ ಕೊಡಿರಿ."

ಗವಿಸಿದ್ದಪ್ಪ ಓದಿ, "ಉತ್ರ ಬಂತಲ್ಲ, ಇನ್ನ ಸುಮ್ಮಕಿರು" ಎಂದ.

"ಉಚ್ಚೆಂಗೆಪ್ಪನೂ ಅಮೆರಿಕಾ ಅಂತಾನ, ಇವ್ರೂ ಅಮೆರಿಕಾ ಅಂತಾರ. ಇಬ್ರೂ ಒಂದ ಸಾಲ್ಯಾಗ ಓದ್ಯಾರೇನು?" ಎಂದಳು ಅವಳು.

ಮರುದಿನವೇ ಉಚ್ಚೆಂಗೆಪ್ಪ ಓಣಿಯಲ್ಲಿ ಎದುರಾದ. ಕಾರ್ಡಿನ ಸುದ್ದಿ ಅವನ ತನಕ ಮುಟ್ಟಿತ್ತು. "ಮಂದಿ ರೇಷನ್ ಮನ್ಯಾಗ ಕೂಡಿಹಾಕಿಕೊಂಡು ಖಾನಾವಳಿ ನಡಸ್ತೀಯಲ್ಲ ತಂಗಿ, ಅದು ಯಾವ ಕಾಯ್ದಿ? ನಾನೂ ಒಂದು ಕಾರ್ಡ್ ಬರೀಲೇನು?"

"ಬರೀರಿ. ಕಾರ್ಡ್ ಇಲ್ಲಂದ್ರ ನನ್ನತ್ರ ಅದಾವು, ಕೊಡ್ತೀನಿ" ಎಂದಳು. ಮನೆಗೆ ಬಂದು ಕೂಸಿಗೆ ಹಾಲು ಕುಡಿಸುತ್ತ ಕೂತಳು. ಪುರಾವೆ ಕೇಳಿದ್ದಾರೆ, ಹುಡುಕೋಣ ಎಂದುಕೊಂಡಳು.

ಅವಳಿಗೆ ಹೊಳೆದ ಉಪಾಯ ಸಾದಾ ಅಡುಗೆಮನೆಯದು. ಹಿಟ್ಟು ಕೆಟ್ಟದ್ದೋ ಕೈ ಕೆಟ್ಟದ್ದೋ ತಿಳಿಯಬೇಕಾದರೆ ಅದೇ ಕೈಗೆ ಬೇರೆ ಮನೆಯ ಹಿಟ್ಟು ಕೊಟ್ಟು ನೋಡಬೇಕು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವಳ ಚಿಕ್ಕಮ್ಮ ಹಂಪಮ್ಮ ಇದ್ದಳು. ಅವರಿಗೂ ಅಲ್ಲಿಯ ಡಿಪೋದಲ್ಲಿ ಇದೇ ಕೆಂಪು ಜೋಳ. ಸೋಮವಾರ ಅತ್ತೆಗೆ ಒಲೆ ಒಪ್ಪಿಸಿ, ಒಂದು ಸೇರು ಜೋಳ ಗಂಟು ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಮೊದಲ ಬಸ್ಸು ಹತ್ತಿದಳು.

ಹಂಪಮ್ಮನ ಹಿತ್ತಲಿನಿಂದ ಕೋಟೆಯ ಬೆಟ್ಟ ಇಡೀ ಕಾಣುತ್ತಿತ್ತು. ಬಂಡೆ ಆಗಲೇ ಕಾದು ಬಿಳುಪೇರಿತ್ತು. "ರೊಟ್ಟಿ ಬಡಿಯಾಕ ಸಿರುಗುಪ್ಪದಿಂದ ಬಳ್ಳಾರಿಗೆ ಬಂದಾಕಿ ನೀನ ಮೊದಲನೇದಾಕಿ ನೋಡವ್ವ" ಎನ್ನುತ್ತ ಚಿಕ್ಕಮ್ಮ ಕೂಸನ್ನು ಇಸಿದುಕೊಂಡು ಹಿಟ್ಟಿನ ಡಬ್ಬಿ ಮುಂದೆ ತಳ್ಳಿದಳು. ಚನ್ನವೀರಮ್ಮ ಎಸರು ಹಾಕಿದಳು, ನಾದಿದಳು, ಬಡಿದಳು. ರೊಟ್ಟಿ ಅಂಗೈಯಗಲವಾಯಿತು, ತಟ್ಟೆಯಗಲವಾಯಿತು, ಅದಕ್ಕೂ ಮಿಕ್ಕಿ ಬೆಳೆಯಿತು. ಎತ್ತಿ ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿದಳು. ಹರಿಯಲಿಲ್ಲ. ಹಂಚಿನ ಮೇಲೆ ಹೊಟ್ಟೆ ಉಬ್ಬಿಸಿ ಕೂತಿತು.

"ಅಮೆರಿಕಾದ ತಪ್ಪು ಏನೂ ಇಲ್ಲ ಚಿಗವ್ವ" ಎಂದಳು. ಮುಖದ ಮೇಲೆ ಹಿಟ್ಟು, ಕಣ್ಣಲ್ಲಿ ನೀರು.

ಆಮೇಲೆ ಎರಡು ಮೊರ ಇಟ್ಟುಕೊಂಡು ಒಂದರಲ್ಲಿ ಬಳ್ಳಾರಿಯ ಜೋಳ, ಇನ್ನೊಂದರಲ್ಲಿ ಸಿರುಗುಪ್ಪದ ಜೋಳ ಸುರುವಿ ಕೂತಳು. ದೂರದಿಂದ ಎರಡೂ ಒಂದೇ ಕೆಂಪು. ಬೆಳಕಿಗೆ ಹಿಡಿದರೆ ತನ್ನ ಮೊರದಲ್ಲಿ ಎರಡು ಜಾತಿ ಕಾಣುತ್ತಿತ್ತು. ಗಟ್ಟಿ ಕೆಂಪು ಕಾಳಿನ ನಡುವೆ ಕಂದಿದ, ಹಗುರಾದ, ಮೂತಿ ಕಪ್ಪಾದ ಕಾಳು. ಅದು ಮೊದಲಿಗೆ ಬಿಳಿಜೋಳವೇ ಆಗಿದ್ದು, ಕೆಟ್ಟು ಬಣ್ಣ ತಿರುಗಿದಂತಿತ್ತು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಮನೆಯಲ್ಲಿ ಈ ಘಾಟನ್ನು ಹಡಗಿನಲ್ಲಿ ಬಂದ ಕಾಳಿನ ವಾಸನೆ ಎಂದೇ ಬಿಟ್ಟಿದ್ದಳು. ಅರೆಗಳಿಗೆ ಅವಳು ಬಳ್ಳಾರಿಯಲ್ಲಿ ಇರಲಿಲ್ಲ.

ಕುರುಗೋಡಿನಲ್ಲಿ ಅವಳು ಸಣ್ಣಾಕೆ ಇದ್ದಾಗ ದೊಡ್ಡ ಮನೆಗಳ ಮುಂದೆ ನೆಲದೊಳಗೆ ಹಗೇವು ಇರುತ್ತಿದ್ದವು. ಬಾವಿಯಂತೆ ತೋಡಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳು ಅಲ್ಲೇ. ತೆಗೆಯುವ ದಿನ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಕಂದೀಲು ಇಳಿಸಿ ನೋಡುವರು. ದೀಪ ನಿಂತರೆ ಮಾತ್ರ ಆಳು ಇಳಿಯುವುದು. ಆಗ ಮೇಲಕ್ಕೆ ಬರುವ ಒಂದು ವಾಸನೆ ಉಂಟು. ಹುಳಿ, ಮಣ್ಣು, ತಲೆ ಹಿಡಿಯುವ ಘಾಟು. ಗೋಡೆಗೆ ಒತ್ತಿದ ಕಾಳು, ತಳದ ಕಾಳು ನೀರು ತಗೊಂಡಿದ್ದರೆ ಆ ವಾಸನೆ ತೊಳೆದರೂ ಹೋಗದು. ಅದನ್ನು ದನಕ್ಕೆ ಹಾಕುವರು, ಮನುಷ್ಯರಿಗಲ್ಲ.

"ಚಿಗವ್ವ, ಇದನ್ನ ಮೂಸು" ಎಂದು ಹಿಡಿ ಚಾಚಿದಳು.

ಹಂಪಮ್ಮ ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡಳು. "ಇದು ಹಗೇವಿನ ಜ್ವಾಳಲ್ಲೇನ?"

"ಅಮೆರಿಕಾದಾಗ ಹಗೇವು ಅದಾವೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕ ನಗುವಿಗೆ ಕೂಸು ಬೆಚ್ಚಿ ಅಳತೊಡಗಿತು.

ತಿರುಗಿ ಬರುವಾಗ ಗಂಟಿನಲ್ಲಿ ಎರಡು ಸೇರು ಬಳ್ಳಾರಿಯ ಜೋಳ ಇತ್ತು. ಮನೆಗೆ ಬಂದವಳೇ ಶಾಸಕರಿಗೆ ಇನ್ನೊಂದು ಕಾರ್ಡು ಬರೆದಳು. "ಪುರಾವೆ ಕೇಳಿದ್ದಿರಿ. ಅದು ಕಾರ್ಡಿನಲ್ಲಿ ಹಿಡಿಸುವಂಥದಲ್ಲ, ತಿಂದು ನೋಡಬೇಕು. ಸಂತೆಯ ದಿನ ಮಧ್ಯಾಹ್ನ ಊಟಕ್ಕೆ ಬರಬೇಕು." ಅಂಚೆಯವನು ಓದಿದರೂ ಏನೂ ತಿಳಿಯದಂತೆ ಅಷ್ಟಕ್ಕೇ ನಿಲ್ಲಿಸಿದಳು.

ಕೊಟ್ಟೂರಪ್ಪ ಬಂದರು. ಖಾದಿ ಅಂಗಿ, ಹೆಗಲಿಗೆ ಟವಲು, ಹಣೆಗೆ ವಿಭೂತಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ದೊಡ್ಡಬಸಮ್ಮ, ನಿನ್ನ ಮನಿ ರೊಟ್ಟಿ ತಿಂದು ಎಷ್ಟು ವರ್ಷಾದವು! ಆರಿಸಿ ಬಂದಾಗಿಂದ ಬರೇ ಇಡ್ಲಿ" ಎಂದು ಹಮಾಲರ ಸಾಲಿನಲ್ಲೇ ಕೂತರು. ಗಾದೆಪ್ಪನೂ ಅವನ ಮಂದಿಯೂ ಉಣ್ಣುತ್ತಿದ್ದರು. ಅವರಿಗೆ ರೇಷನ್ ಆಗಲೇ ಬಂದಿತ್ತು. ಅವರ ಗಡುವು ಮುಗಿಯುವ ದಿನವೂ ಅದೇ.

ಚನ್ನವೀರಮ್ಮ ಎಲ್ಲರ ಕಣ್ಣೆದುರಿಗೆ ಒಲೆಯ ಮುಂದೆ ಕೂತಳು. ಒಂದು ಬುಟ್ಟಿಯಿಂದ ಹಿಟ್ಟು ತೆಗೆದು ಬಡಿದಳು. ಹರಿಯಿತು. ಹರಿದದ್ದನ್ನೇ ಶಾಸಕರ ತಟ್ಟೆಗೆ ಹಾಕಿದಳು. ಇನ್ನೊಂದು ಬುಟ್ಟಿಯಿಂದ ತೆಗೆದು ಬಡಿದಳು. ಅದು ಅಗಲವಾಗುತ್ತ ಹೋದಂತೆ ಹಮಾಲರು ಒಬ್ಬೊಬ್ಬರಾಗಿ ತಟ್ಟೆಯಿಂದ ಕೈ ತೆಗೆದರು. ಇಡೀ ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಗಾದೆಪ್ಪನಿಗೆ ತೋರಿಸಿ, ಬೇಯಿಸಿ, ಅದನ್ನೂ ಶಾಸಕರ ತಟ್ಟೆಗೇ ಹಾಕಿದಳು.

"ಎರಡೂ ಅಮೆರಿಕಾದ ಜ್ವಾಳ ಅಂತೀರಿ ಅಣ್ಣಾರ. ಇಡೀದು ಬಳ್ಳಾರಿ ಡಿಪೋದ್ದು, ಹರದಿದ್ದು ನಮ್ಮ ಡಿಪೋದ್ದು. ಹೊಲ ಒಂದ, ಹಡಗ ಒಂದ, ಕೈನೂ ಒಂದ. ಎಲ್ಲಿ ಕೆಟ್ಟಿತು ಹೇಳ್ರಿ."

"ಗೋದಾಮಿನ್ಯಾಗ ಇಟ್ಟಲ್ಲಿ ಹಸಿ ಹತ್ತಿರಬೇಕು ತಂಗಿ…"

"ಅದಕ್ಕ ಇದನ್ನ ಮೂಸಿ ನೋಡ್ರಿ" ಎಂದು ಕಾಳಿನ ಹಿಡಿಯನ್ನು ಅವರ ಮುಂದೆ ಹಿಡಿದಳು.

ಶಾಸಕರು ನಗುತ್ತಲೇ ಮೂಸಿದರು. ನಗು ಅಲ್ಲಿಗೆ ನಿಂತಿತು. ಇನ್ನೊಮ್ಮೆ ಮೂಸಿದರು. ಎರಡು ಕಾಳು ಉಗುರಿನಿಂದ ಒಡೆದು ನೋಡಿದರು. ಕುರುಗೋಡಿನಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಆ ವಾಸನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಗೇವು" ಎಂದರು ಮೆಲ್ಲಗೆ.

ಗಾದೆಪ್ಪ ಜೋರಾಗಿ ನಕ್ಕ. "ಹಂಗಾರ ಗೌಡ್ರ, ಈಗ ಡಿಲ್ಲಿಗೆ ಕಾರ್ಡ್ ಬರೀಬೇಕೋ ನಿಮ್ಮ ಹಗೇವಿನ ಕುರುಗೋಡಿಗೆ ಬರೀಬೇಕೋ?"

ಶಾಸಕರು ಅವನ ಕಡೆ ನೋಡಲಿಲ್ಲ. ಒಡೆದ ಕಾಳನ್ನು ತಟ್ಟೆಯ ಅಂಚಿಗೆ ಇಟ್ಟರು. ಒಲೆಯ ಮೇಲೆ ಹಂಚು ಬರಿದಾಗಿ ಕಾಯುತ್ತಿತ್ತು.

"ಈ ವರ್ಷ ನಮ್ಮೂರಾಗ ಹಗೇವು ತಗದಿದ್ದು ಒಂದ ಮನಿಯವ್ರು" ಎಂದರು. "ನಮ್ಮಣ್ಣಾರು. ತಳದ ಜ್ವಾಳ ನೀರು ತಗೊಂಡು ಕೆಟ್ಟಿತ್ತು. ದನಕ್ಕ ಹಾಕ್ತೀನಿ ಅಂತ ಉಚ್ಚೆಂಗೆಪ್ಪ ಬಂಡಿ ಕಟಗೊಂಡು ಬಂದು ಒಯ್ದ. ನಾನೂ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ."

ಚನ್ನವೀರಮ್ಮನಿಗೆ ಇದು ಗೊತ್ತಿರಲಿಲ್ಲ. ಯಾರದೋ ಹಗೇವು ಎಂದು ಅಂದುಕೊಂಡಿದ್ದಳೇ ಹೊರತು ಇವರ ಮನೆಯದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಗಳಿಗೆ ಅವಳಿಗೆ ಈ ಮನುಷ್ಯನನ್ನು ಊಟಕ್ಕೆ ಕರೆದು ಹೀಗೆ ಮಾಡಿದೆನಲ್ಲ ಎನ್ನಿಸಿತು. ಆಮೇಲೆ ಗಾದೆಪ್ಪ ಜೋಡಿಸಲು ಹೋಗಿ ಬಿಟ್ಟ ರೊಟ್ಟಿಯ ಚೂರುಗಳು ಕಣ್ಣಿಗೆ ಬಂದವು.

"ದನಕ್ಕಂತ ಕೊಟ್ಟಿದ್ದು ತಪ್ಪಲ್ಲರಿ ಅಣ್ಣಾರ. ಮೂಸಿ ನೋಡದ ಅಮೆರಿಕಾದ್ದು ಅಂತ ಬರದ್ರಲ್ಲ, ಅದು ತಪ್ಪು. ನಿಮ್ಮ ಕಾರ್ಡಿನ ಸುದ್ದಿ ಮುಟ್ಟಿದ ಮ್ಯಾಲ ಉಚ್ಚೆಂಗೆಪ್ಪಗ ಧೈರ್ಯ ಜಾಸ್ತಿ ಆತು. ಇವ್ರು ನನ್ನ ಕಳ್ಳಿ ಅಂತ ಮೊದಲ ಅನ್ನಾಕ ಹತ್ತಿದ್ರು, ಆ ಮಾತಿಗೂ ಬಲ ಬಂತು."

"ಏ, ಹಂಗ ಯಾರು ಅಂದ್ರು?" ಎಂದ ಗಾದೆಪ್ಪ. ಅವನ ಮಂದಿ ಅವನನ್ನೇ ನೋಡಿದರು.

ಕೊಟ್ಟೂರಪ್ಪ ಎದ್ದರು. ಕೈ ತೊಳೆಯಲಿಲ್ಲ. "ನಡೀರಿ ಡಿಪೋಕ್ಕ" ಎಂದರು.

ಹಮಾಲರು ಹಿಂದೆ, ಶಾಸಕರು ಮುಂದೆ, ಕೂಸನ್ನು ಕಂಕುಳಲ್ಲಿಟ್ಟುಕೊಂಡ ಚನ್ನವೀರಮ್ಮ ನಡುವೆ. ಸಂತೆಗೆ ಬಂದವರು ಮೆರವಣಿಗೆ ಎಂದುಕೊಂಡು ದಾರಿ ಬಿಟ್ಟರು. ಉಚ್ಚೆಂಗೆಪ್ಪ ಕೈಮುಗಿದು ಕುರ್ಚಿ ಹಾಕಿದ. ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

"ಅಮೆರಿಕಾದ್ದು ಇರೋದ ಹಂಗರಿ ಗೌಡ್ರ, ನಾನೇನು ಅಲ್ಲಿ ಹೋಗಿ…" ಎಂದು ಅವನು ತನ್ನ ಪಾಠ ಶುರುಮಾಡುವಷ್ಟರಲ್ಲಿ ಗಾದೆಪ್ಪ ಒಳಗಿನ ಚೀಲದ ಒಟ್ಟಿಲಿನ ಹತ್ತಿರ ಹೋಗಿದ್ದ. ಚೀಲ ಎಂದರೆ ಗಾದೆಪ್ಪನಿಗೆ ಹೊಸತೆ? ಒಂದೊಂದರ ಬಾಯಿಯ ಮೇಲೆ ಬೆರಳಾಡಿಸುತ್ತ ಬಂದ.

"ಇದು ಮಿಷನ್ ಹೊಲಿಗಿ. ಇದೂ ಮಿಷನ್. ಇದು ನೋಡ್ರಿ, ದಬ್ಬಣದ ಹೊಲಿಗಿ. ಹಳೇ ತೂತಿನ್ಯಾಗ ಹೊಸ ಸುತಳಿ ಎಳದಾರ. ಅಮೆರಿಕಾದವ್ರು ನಮ್ಮ ಸುತಳಿ ಒಯ್ದು ಹೊಲದು ಕಳಿಸ್ಯಾರೇನೋ ಉಚ್ಚೆಂಗೆಪ್ಪ?"

ಕೈಯಿಂದ ಹೊಲಿದ ಚೀಲ ಹನ್ನೊಂದಿದ್ದವು. ಒಂದನ್ನು ಬಿಚ್ಚಿದರು. ವಾಸನೆ ತಾನೇ ಎದ್ದು ಬಂತು. ಸುತ್ತ ನಿಂತ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡರು. ಅವುಗಳಿಂದ ತೆಗೆದ ಒಳ್ಳೆಯ ಕಾಳು ಗಡಿಯಾಚೆ ಆದೋನಿಯ ಕಡೆ ಮಾರಾಟಕ್ಕೆ ಹೋಗಿತ್ತೆಂದು ಆಮೇಲೆ ತಿಳಿಯಿತು. ಉಚ್ಚೆಂಗೆಪ್ಪ ಶಾಸಕರನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ, "ಗೌಡ್ರ, ಇದು ನಿಮ್ಮ ಮನೀದು. ಹೆಸರು ಹೊರಗ ಬಂದ್ರ ಚೆಂದಾಗೋದಿಲ್ಲ. ಮುಂದಿನ ವರ್ಷ ಎಲೆಕ್ಷನ್ ಬ್ಯಾರೆ ಐತಿ" ಎಂದ.

ಕೊಟ್ಟೂರಪ್ಪ ಪಕ್ಕಕ್ಕೆ ಹೋದವರು ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು. "ಹೌದು, ನಮ್ಮ ಮನೀದ. ನಮ್ಮಣ್ಣಾರ ಹಗೇವಿಂದ. ತಹಶೀಲ್ದಾರ್ರ ಮುಂದ ನಾನ ಬರದು ಕೊಡ್ತೀನಿ, ನೀ ದನಕ್ಕಂತ ಕೇಳಿ ಒಯ್ದಿದ್ದಕ್ಕ ನಾನ ಸಾಕ್ಷಿ. ಯಾರಾದ್ರೂ ಹೋಗಿ ತಹಶೀಲ್ದಾರ್ರನ್ನ ಕರಕೊಂಡು ಬರ್ರಿ. ಅಲ್ಲಿ ತನಕ ಒಂದು ಚೀಲನೂ ಅಲುಗಾಡಬಾರದು."

ಚೀಲಗಳು ಅಲುಗಾಡಲಿಲ್ಲ. ಹಮಾಲರು ಅವುಗಳ ಮೇಲೆಯೇ ಕೂತಿದ್ದರು.

ಡಿಪೋಗೆ ಬೀಗ ಬಿತ್ತು. ಜನರ ರೇಷನ್ ಕಾರ್ಡುಗಳನ್ನೆಲ್ಲ ಇನ್ನೊಂದು ಡಿಪೋಗೆ ಹಚ್ಚಿ, ಕೆಟ್ಟದ್ದಕ್ಕೆ ಬದಲಾಗಿ ಒಳ್ಳೆಯ ಜೋಳ ಕೊಡಿಸಿದರು. ಶಾಸಕರ ಅಣ್ಣನ ಮನೆಯವರು ಎರಡು ವರ್ಷ ತಮ್ಮನ ಜೊತೆ ಮಾತು ಬಿಟ್ಟಿದ್ದರೆಂದು ಕುರುಗೋಡಿನಿಂದ ಸುದ್ದಿ ಬರುತ್ತಿತ್ತು.

ಡಿಪೋಗೆ ಬೀಗ ಬಿದ್ದ ವಾರದ ಶನಿವಾರ ಗಾದೆಪ್ಪ ಎಲ್ಲರ ಚೀಲವನ್ನೂ ತಾನೊಬ್ಬನೇ ಹೊತ್ತು ತಂದು ಹಗ್ಗದ ಮಂಚದ ಮೇಲೆ ಇಳಿಸಿದ. ಕ್ಷಮೆ ಗಿಮೆ ಎಂಬ ಮಾತು ಅವನ ಬಾಯಿಗೆ ಬರುವಂಥದ್ದಲ್ಲ. ಟವಲಿನಿಂದ ಬೆವರು ಒರೆಸಿಕೊಂಡ. "ಯಕ್ಕಾ, ತೂಗಿ ಇಟಗೋತೀಯೇನು?"

"ಹಿಂದ ಯಾವಾಗರ ತೂಗೀನೇನು?"

"ಇಲ್ಲ."

"ಮತ್ತ ಈಗ್ಯಾಕ? ಹೋಗು, ಕೈಕಾಲು ತೊಳಕೊ. ಬಿಸಿ ರೊಟ್ಟಿ ಐತಿ" ಎಂದಳು. ಒಳಗಿನಿಂದ ದೊಡ್ಡಬಸಮ್ಮ, "ಮೊದಲು ಆ ಚೀಲ ಮೂಸಿ ನೋಡವ್ವಾ!" ಎಂದು ಕೂಗಿದಳು. ಅಂದಿನಿಂದ ಆ ಖಾನಾವಳಿಯಲ್ಲಿ ಜೋಳ ತೂಗುವ ಪದ್ಧತಿ ಬರಲಿಲ್ಲ. ಮೂಸುವ ಪದ್ಧತಿ ಮಾತ್ರ ಉಳಿಯಿತು. ತಂದವನೇ ಮೊದಲು ಮೂಸಿ ತೋರಿಸಬೇಕು.

ವಾರದ ಮೇಲೆ ಶಾಸಕರ ಕಾರ್ಡು ಬಂತು. ಈ ಸಲ ಎರಡನೆಯ ಪ್ರಶ್ನೆ ಮೊದಲಿತ್ತು. "ಪ್ರಶ್ನೆ ಎರಡು: ನಿಜ. ಹಿಂದೆ ಬರೆದ ಉತ್ತರ ವಾಪಸು ತೆಗೆದುಕೊಂಡಿದ್ದೇನೆ. ಪ್ರಶ್ನೆ ಒಂದು: ಹೋದ ಸಲ ಮುಕ್ಕಾಲು ಕಾರ್ಡು ಬರೆದಿದ್ದೆ, ಅದನ್ನೇ ಮತ್ತೆ ಬರೆಯಲು ಈಗ ಕೈ ಏಳುವುದಿಲ್ಲ. ಅವರು ಕೊಟ್ಟ ಜೋಳ ಒಳ್ಳೆಯದೇ ಇತ್ತು. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂಬುದು ಜೋಳ ಮೂಸಿದರೆ ತಿಳಿಯುವುದಿಲ್ಲ. ಸಂತೆಗೆ ಬಂದಾಗ ಊಟಕ್ಕೆ ಬರುತ್ತೇನೆ, ಮಾತಾಡೋಣ."

ಬಂದರು. ಪುಂಡಿಪಲ್ಯ, ಹಸಿ ಈರುಳ್ಳಿ, ಗುರೆಳ್ಳು ಪುಡಿ, ಕೆಂಪು ಜೋಳದ ರೊಟ್ಟಿ. ಚನ್ನವೀರಮ್ಮ ಬಡಿಯುತ್ತಲೇ ಕೇಳಿದಳು. "ಅಲ್ಲರಿ ಅಣ್ಣಾರ, ನೆರೆಮನಿಯಿಂದ ಒಂದು ಸಲ ಹಿಟ್ಟು ತಂದ್ರ ಏನೂ ಆಗೋದಿಲ್ಲ ಅಂತ ಬರದಿದ್ರಿ. ವರ್ಷಾ ವರ್ಷಾ ತರಬೇಕಾದ್ರ? ಆಗೂ ನಮ್ಮ ಮನಿ ಮಾತು ನಮ್ಮ ಕೈಯಾಗ ಇರ್ತೈತೇನು?"

"ಅದಕ್ಕ ಅಲ್ಲೇನವ್ವ ಕಾಲುವಿ ತಂದಿದ್ದು, ಇಷ್ಟು ನೆಲ್ಲು ಬೆಳಿಯಾಕ ಹತ್ತಿದ್ದು. ಇನ್ನೊಂದು ನಾಕೈದು ವರ್ಷ ತಡಿ, ಯಾರ ಹಡಗನ್ನೂ ಕಾಯೋದು ಬ್ಯಾಡ."

"ನಾಕೈದು ವರ್ಷ? ಬರಕೊಳ್ಳಲೇನು?"

"ಬರಕೊ."

"ಬರಕೊಂಡೆ. ಆಮ್ಯಾಲ ಕಾರ್ಡ್ ಹಾಕ್ತೀನಿ ನೋಡ್ರಿ."

"ನಿನ್ನ ಕಾರ್ಡ್ ಅಂದ್ರ ನನಗ ಈಗ ಅಂಜಿಕಿ" ಎನ್ನುತ್ತ ಕೊಟ್ಟೂರಪ್ಪ ರೊಟ್ಟಿ ಮುರಿಯಲು ಹೋದರು. ಹಿಟ್ಟಿನ ಜಿಗಿಗೆ ಒಂದು ಕೈಯಿಂದ ಆಗಲಿಲ್ಲ. ಎಡಗೈಯನ್ನೂ ಹಚ್ಚಿ ಹರಿದರು. ಪಕ್ಕದಲ್ಲಿದ್ದ ಗಾದೆಪ್ಪ ಅದನ್ನು ಕಂಡು ತನ್ನ ತಟ್ಟೆ ಮುಂದೆ ಚಾಚಿ, "ಯಕ್ಕಾ, ನನಗ ಅಂಥಾದ್ದ ಇನ್ನೊಂದು" ಎಂದ.